ಅರ್ಧ ಚೀಲ ಜೋಳ

ಕುಲಗೋಡದ ಕರೆಪ್ಪನ ಮನೆಯಲ್ಲಿ ಆ ಚಳಿಗಾಲವೆಲ್ಲ ಊಟಕ್ಕೆ ಕೂತವರ ಬಾಯಲ್ಲಿ ಮೋಟಾರಿನ ಮಾತೇ. ರೊಟ್ಟಿ ಆರಿದರೂ ಮಾತು ಆರುತ್ತಿರಲಿಲ್ಲ. ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದ ಮಗಳು ರಾಯವ್ವ ಬೆನ್ನು ತಿರುಗಿಸಿಕೊಂಡೇ ಎಲ್ಲವನ್ನೂ ಕೇಳುತ್ತಿದ್ದಳು. ಯಾರ ದನಿ ಏರಿತು, ಯಾರು ತಾಟು ಸರಿಸಿದರು, ಯಾರು ಚಟ್ನಿ ಹಿಂಡಿಗೆ ಎಣ್ಣೆ ಹಾಕಿಸಿಕೊಳ್ಳಲು ಮರೆತರು ಎಂಬುದರ ಮೇಲಿಂದಲೇ ಮಾತು ಎಲ್ಲಿಗೆ ಬಂತೆಂದು ಅವಳಿಗೆ ತಿಳಿಯುತ್ತಿತ್ತು.

ಅವಳ ದೊಡ್ಡಣ್ಣ ಉದ್ದಪ್ಪ ಕುರಿ, ಹೊಲ, ಕಬ್ಬು ನೋಡಿಕೊಂಡಿದ್ದ. ಸಣ್ಣಣ್ಣ ಸತ್ತೆಪ್ಪ ಮಿರಜಿನಲ್ಲಿ ಓದಿ ಡಾಕ್ಟರಾಗಿ ಮೂಡಲಗಿಯಲ್ಲಿ ದವಾಖಾನೆ ಇಟ್ಟಿದ್ದ. ಸುತ್ತಿನ ಹಳ್ಳಿಗಳಿಗೆಲ್ಲ ಸೈಕಲ್ ಮೇಲೆ ಅಡ್ಡಾಡಿ ಅವನ ಮೊಣಕಾಲು ಹಿಡಿದುಕೊಂಡಿದ್ದವು. ಕುರುಬರ ಓಣಿಯಲ್ಲಿ ಅವನೇ ಮೊದಲ ಡಾಕ್ಟರು. ಅವನಿಗೊಂದು ಮೋಟಾರು ಬೇಕು ಎನ್ನುವುದರಲ್ಲಿ ಯಾರದೂ ತಕರಾರಿರಲಿಲ್ಲ. ತಕರಾರು ಇದ್ದದ್ದು ಯಾವ ಮೋಟಾರು ಎನ್ನುವುದರಲ್ಲಿ.

"ಗೋಕಾಕದ ತಂಬಾಕಿನ ಸಾವಕಾರ ತನ್ನ ಡಾಜ್ ಗಾಡಿ ಮಾರತಾನಂತ," ಎಂದ ಉದ್ದಪ್ಪ. "ನೋಡಿ ಬಂದೇನಿ. ಮನಿಮಂದೆಲ್ಲಾ ಕುಂತ ಮ್ಯಾಲೂ ಎರಡು ಟಗರ ಹಿಡಿತಾವ. ನಾಳೆ ಅಂದ್ರ ನಾಳೆ ತರಬಹುದು."

"ಅದು ಎಣ್ಣಿ ಕುಡಿಯೂದು ನೋಡಿ ಬಂದಿಯೇನ? ಒಂದ ಗ್ಯಾಲನ್ನಿಗೆ ಹನ್ನೆರಡು ಮೈಲು ಹೋದರ ದೊಡ್ಡದು. ಹೊಸಾ ಸಣ್ಣ ಗಾಡಿ ಮೂವತ್ತರ ಮ್ಯಾಲೆ ಹೋಗತೈತಿ. ನಾ ಪೇಶಂಟ ನೋಡಾಕ ಹೋಗಾವೊ, ಎಣ್ಣಿ ಅಂಗಡ್ಯಾವನ್ನ ಸಾಕಾಕ ಹೋಗಾವೊ?"

"ಸಣ್ಣ ಗಾಡ್ಯಾಗ ನಾಕ ಮಂದಿ. ಮನ್ಯಾಗ ನಾವು ಆರು."

"ಆರೂ ಮಂದಿ ಕೂಡಿ ಎಲ್ಲಿಗೆ ಹೋಗತೀರಿ? ದಿಂಡಿ ಯಾತ್ರೀಗ್ಯಾ?"

ಉದ್ದಪ್ಪನ ಹೆಂಡತಿ ಯಲ್ಲಕ್ಕ ಮಜ್ಜಿಗೆ ಬಡಿಸುತ್ತ, "ನನ್ನ ಲೆಕ್ಕಾ ಬಿಡ್ರಿ ಡಾಕ್ಟರ ಸಾಹೇಬ್ರ. ನಾ ತವರಿಗೆ ಹೊಂಟೆ ಅಂದ ದಿನಾನ ನಿಮ್ಮ ಗಾಡಿ ಕೆಟ್ಟಿರತೈತಿ," ಎಂದಳು. ಎಲ್ಲರೂ ನಕ್ಕರು. ಕರೆಪ್ಪ ನಗಲಿಲ್ಲ.

"ಎತ್ತ ತರೂ ಮುಂದ ನಾ ಬಂಡಿ ಹೂಡಿ, ಭಾರಾ ಹೇರಿ ಎಳಸಿ ನೋಡೇನಿ," ಎಂದ ಅವನು. "ಇದನ್ನೂ ಹಂಗ ನೋಡೂನು. ಬಾಯಿಮಾತ ಬ್ಯಾಡ."

ರಾಯವ್ವ ಬೆನ್ನು ತಿರುಗಿಸದೆ ಕೇಳಿದಳು. "ಯಾವುದು ಲಗೂ ಬರತೈತಿ ಅಪ್ಪಾ?"

ಅವಳು ಯಾಕೆ ಕೇಳಿದಳೆಂದು ಎಲ್ಲರಿಗೂ ಗೊತ್ತಿತ್ತು.

ಎರಡು ವರ್ಷದ ಹಿಂದೆ ರಾಯವ್ವ ಹುಕ್ಕೇರಿಯ ಗಂಡನ ಮನೆಯಲ್ಲಿ ವಿಷಮಜ್ವರದಿಂದ ಮಲಗಿದ್ದಳು. ತಲೆಗೂದಲು ಉದುರಿ, ಎದ್ದು ನೀರು ತರಲಾರದಂತಾದಾಗ ಗಂಡ ಶಿದ್ರಾಮ ಅವಳನ್ನು ಯಾರದೋ ಗೊಬ್ಬರದ ಬಂಡಿಯಲ್ಲಿ ಕೂಡಿಸಿ ತವರಿಗೆ ಕಳಿಸಿದ. ಗೊಬ್ಬರ ಇಳಿಸಿ ಬಂದ ಬಂಡಿ ಅದು, ತೊಳೆದಿರಲಿಲ್ಲ. ಎರಡು ವರ್ಷದ ಮಗಳು ಚನ್ನಿಯನ್ನು ಇಟ್ಟುಕೊಂಡ. ರಾಯವ್ವ ಚೇತರಿಸಿಕೊಂಡು ನಡೆದಾಡುವಷ್ಟಾಗುವ ಹೊತ್ತಿಗೆ ಆ ಮನೆಗೆ ಇನ್ನೊಬ್ಬಳು ಬಂದಿದ್ದಳು. ಆ ಬಂಡಿಯನ್ನು ಊರೆಲ್ಲ ನೋಡಿತ್ತು. ಅವತ್ತು ಕರೆಪ್ಪ ತನ್ನ ಹೆಗಲ ಕಂಬಳಿ ಮುಟ್ಟಿ ಆಣೆ ಮಾಡಿ ಹೇಳಿದ್ದ, "ನನ್ನ ಮಗಳನ್ನ ಮಂದಿ ಬಂಡ್ಯಾಗ ಕಳಿಸ್ಯಾರ. ಮೊಮ್ಮಗಳನ್ನ ನಾ ನನ್ನ ಸ್ವಂತ ಗಾಡ್ಯಾಗ ತರತೇನಿ, ನಾಕ ಮಂದಿ ನೋಡೂ ಹಂಗ."

ಅಂದಿನಿಂದ ರಾಯವ್ವ ಗಾಡಿಯ ದಾರಿ ನೋಡುತ್ತಿದ್ದಳು. ಅದು ಎಷ್ಟು ಎಣ್ಣೆ ಕುಡಿದರೂ ಅವಳಿಗೆ ಅಷ್ಟೇ. ಮನೆಯವರು ಆರು ಎನ್ನುವಾಗ ಅವಳು ಮನಸ್ಸಿನಲ್ಲೇ ಏಳು ಎನ್ನುತ್ತಿದ್ದಳು.

"ಲಗೂ ಅಂದ್ರ ಡಾಜ್ ಬರತೈತಿ," ಎಂದ ಉದ್ದಪ್ಪ ಮೆಲ್ಲಗೆ.

"ಲಗೂ ಬಂದ ಲಗೂ ಕೆಡತೈತಿ," ಎಂದ ಸತ್ತೆಪ್ಪ. ಮಾತು ಮತ್ತೆ ಮೊದಲಿನ ಜಾಗಕ್ಕೇ ಬಂತು.

*

ಸಂಕ್ರಾಂತಿ ಕಳೆದ ಮೇಲೆ ಬೆಳಗಾವಿಯ ಮೋಟಾರು ಅಂಗಡಿಯವರು ಒಂದು ಸಣ್ಣ ಗಾಡಿಯನ್ನು ನೋಡಲಿಕ್ಕೆಂದು ಕಳಿಸಿದರು. ಓಡಿಸಿಕೊಂಡು ಬಂದವನ ಹೆಸರು ಅಲ್ಲಪ್ಪ. ಇಸ್ತ್ರಿ ಮಾಡಿದ ಅಂಗಿಯ, ನಗುಮೋರೆಯ ಮನುಷ್ಯ. ಕರೆಪ್ಪ ಗಾಡಿಯನ್ನು ಸುತ್ತು ಹಾಕಿ ಗಾಲಿ ಒತ್ತಿ ನೋಡಿದ, ಬಾಗಿಲು ತೆರೆದು ಮುಚ್ಚಿದ, ಮೂತಿಯ ಮೇಲೆ ಕೈಯಾಡಿಸಿದ.

"ಹಲ್ಲ ನೋಡೂದಿಲ್ಲೇನ್ರಿ ಮಾವ?" ಎಂದು ಯಲ್ಲಕ್ಕ ಬಾಗಿಲ ಮರೆಯಿಂದ ಕೇಳಿದಳು.

ಗೋಕಾಕದ ಪಂಪಿನಲ್ಲಿ ಟಾಕಿ ತುಂಬ ಎಣ್ಣೆ ಹಾಕಿಸುವುದು, ಅಲ್ಲಿಂದ ಹುಕ್ಕೇರಿಗೆ ಹೋಗಿ ಮರಳಿ ಅದೇ ಪಂಪಿಗೆ ಬರುವುದು, ಮತ್ತೆ ತುಂಬಿಸಿದಾಗ ಎಷ್ಟು ಹಿಡಿಯಿತೋ ಅದೇ ಗಾಡಿ ಕುಡಿದ ಲೆಕ್ಕ ಎಂದು ಸತ್ತೆಪ್ಪ ಗೊತ್ತು ಮಾಡಿದ. ಘಟಪ್ರಭಾದ ಆಚೆಯ ರಸ್ತೆಯಲ್ಲಿ ಏರು, ಇಳಿ, ಕಲ್ಲು ಎಲ್ಲ ಇದ್ದವು. ಕರೆಪ್ಪ ಭಾರದ ಮಾತು ತೆಗೆದ.

"ಬರೇ ಗಾಡಿ ಓಡಿಸಿದರ ಏನ ತಿಳಿತೈತಿ? ಐದು ಮಂದಿ ಭಾರಾ ಬೇಕು. ಗಾಡ್ಯಾವ, ನೀ, ನಾ. ಉಳಿದ ಇಬ್ಬರ ಬದಲಿ ಎರಡು ಅರ್ಧ ಚೀಲ ಜೋಳಾ ಇಡೂನು."

"ನಾಕ ಮಂದಿ ಗಾಡಿರಿ ಇದು, ಕಾಕಾ," ಎಂದ ಅಲ್ಲಪ್ಪ.

"ಹೊಳಿ ದಾಟೂ ಮುಂದ ಎತ್ತಿಗೆ ಹಂಗಂತ ಹೇಳತೀಯೇನ?"

ಉದ್ದಪ್ಪ ಕಾಳಿನ ಹಗೇವಿನ ಬಾಜೂ ಇದ್ದ ಜೋಳವನ್ನು ಅಳೆದು ಎರಡು ಚೀಲಗಳಿಗೆ ಅರ್ಧರ್ಧ ತುಂಬಿ ಬಾಯಿ ಹೊಲಿದ. ಒಂದನ್ನು ಹಿಂದಿನ ಸೀಟಿಗೆ ಏರಿಸಿದ. ಇನ್ನೊಂದನ್ನು ಎತ್ತಲು ಬಗ್ಗಿದಾಗ ರಾಯವ್ವ ಅಂಗಳಕ್ಕೆ ಬಂದು ನಿಂತಳು. ಹಿಟ್ಟು ಹತ್ತಿದ ಕೈಗಳನ್ನು ಸೆರಗಿಗೆ ಒರೆಸಿಕೊಂಡಳು.

"ಆ ಚೀಲದ ಬದಲಿ ನಾ ಕುಂಡ್ರತೇನಿ," ಎಂದಳು.

ಪರಗಂಡಸರ ಎದುರು ಅವಳು ಬಾಯಿಬಿಟ್ಟದ್ದನ್ನು ಯಾರೂ ಕಂಡಿರಲಿಲ್ಲ. ಸತ್ತೆಪ್ಪ ತಂದೆಯ ಮುಖ ನೋಡಿದ. ಕರೆಪ್ಪ ಮಗಳನ್ನು ನೋಡಿ, ಚೀಲ ನೋಡಿ, "ಭಾರೇನ ಅಷ್ಟ ಆಗತೈತಿ," ಎಂದ. "ಕುಂಡ್ರಲಿ."

ತಾಯಿ ಕಾಡವ್ವ ಓಡಿಹೋಗಿ ಶೇಂಗಾ ಉಂಡಿ ಕಟ್ಟಿದ ಅರಿವೆಯನ್ನು ಅವಳ ಕೈಗೆ ತುರುಕಿದಳು.

*

ಹುಕ್ಕೇರಿಯಲ್ಲಿ ಗಾಡಿಯನ್ನು ಚಹಾದಂಗಡಿಯ ಮುಂದೆ ನಿಲ್ಲಿಸಿದರು. ಸತ್ತೆಪ್ಪ, ಅಲ್ಲಪ್ಪ ಅಲ್ಲೇ ಉಳಿದರು. ಕರೆಪ್ಪ ಮಗಳನ್ನು ಕರೆದುಕೊಂಡು ಓಣಿಗೆ ಇಳಿದ. "ನೋಡಿ ಬರೋದು ಅಷ್ಟ," ಎಂದು ದಾರಿಯಲ್ಲೇ ಹೇಳಿದ.

ಅತ್ತೆ ಹಣಮವ್ವ ಪಡಸಾಲೆಯಲ್ಲಿ ಕೂತು ಒಣಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದಳು. ತೊಲೆಗೆ ತೊಟ್ಟಿಲು ಕಟ್ಟಿತ್ತು. ಒಂದು ಹುಡುಗಿ ನೆಲದ ಮೇಲೆ ಕೂತು ಅದರ ಹಗ್ಗ ಎಳೆಯುತ್ತಿತ್ತು. ತೊಟ್ಟಿಲು ಖಾಲಿ ಇತ್ತು. ಆದರೂ ಹುಡುಗಿ ಎಳೆಯುವುದನ್ನು ಬಿಟ್ಟಿರಲಿಲ್ಲ.

"ಬರ್ರಿ ಬೀಗರ," ಎಂದಳು ಹಣಮವ್ವ. ರಾಯವ್ವನನ್ನು ನೋಡಿ ಕಣ್ಣು ಕೆಳಗೆ ಮಾಡಿದಳು. "ಯಾರೂ ಮನ್ಯಾಗಿಲ್ಲ. ಶಿದ್ರಾಮ ನಿಪ್ಪಾಣಿಗೆ ಹೋಗ್ಯಾನು. ಅಕಿ ಕೂಸಿನ್ನ ದವಾಖಾನಿಗೆ ಒಯ್ದಾಳು. ಕೂಸು ಇಲ್ಲಂದರೂ ಇದು ತೂಗತೈತಿ ನೋಡ್ರಿ. ಬಿಟ್ಟರ ಬೈಸಿಕೊಳ್ಳತೇನಿ ಅಂತ ಅಂಜಿಕಿ."

ರಾಯವ್ವ ಹುಡುಗಿಯ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಉಂಡಿ ಬಿಚ್ಚಿದಳು. ಚನ್ನಿಯ ಕೂದಲು ಜಿಡ್ಡುಗಟ್ಟಿತ್ತು. ಹುಡುಗಿ ಒಂದು ಕೈಯಲ್ಲಿ ಉಂಡಿ ತಗೊಂಡಿತು, ಇನ್ನೊಂದು ಕೈ ಹಗ್ಗದ ಮೇಲೇ ಇತ್ತು. ಆಮೇಲೆ ಹಗ್ಗ ಬಿಟ್ಟು ರಾಯವ್ವನ ಸೆರಗಿನ ಅಂಚು ಹಿಡಿಯಿತು. ರಾಯವ್ವ ಅವಳನ್ನು ಎತ್ತಿ ಸೊಂಟದ ಮೇಲೆ ಕೂಡಿಸಿಕೊಂಡಳು.

"ಒಯ್ದ ಬಿಡ್ರಿ," ಎಂದಳು ಹಣಮವ್ವ.

"ಏನಂದಿ?" ಎಂದ ಕರೆಪ್ಪ.

"ಇವತ್ತ ಒಯ್ದ ಬಿಡ್ರಿ ಅಂದೆ. ಅಕಿಗೆ ಗಂಡಮಗಾ ಆದಮ್ಯಾಲ ಇದು ಯಾರಿಗೂ ಬ್ಯಾಡ ಆಗೇತಿ. ನನ್ನ ಕಣ್ಣಿಗೂ ಮಸುಕ ಬಂದೈತಿ, ನಾ ಎಷ್ಟ ಅಂತ ಕಾಯಲಿ? ಅವ ಇದ್ದರ ಹಟಕ್ಕ ಬಿದ್ದ ಬಿಡಾಂಗಿಲ್ಲ. ನಾನ ಕೊಟ್ಟೆ ಅಂತ ನಾನ ಹೇಳತೇನಿ. ಬೈದರ ಬೈತಾನು, ಬೈಸಿಕೊಂಡ ರೂಢಿ ಐತಿ ನನಗ."

ರಾಯವ್ವ ಆಗಲೇ ಬಾಗಿಲ ಕಡೆ ಎರಡು ಹೆಜ್ಜೆ ಇಟ್ಟಿದ್ದಳು. ಕರೆಪ್ಪ ಕೈ ಅಡ್ಡ ಹಿಡಿದ.

"ಮನ್ಯಾಗ ಯಾರೂ ಇಲ್ಲದಾಗ ಒಯ್ಯಾಕ ನಾವೇನ ಕುರಿ ಕಳ್ಳರೇನ ಬೀಗತಿ? ನನ್ನ ಗಾಡಿ ತಗೊಂಡ ಬರತೇನಿ. ನಿನ್ನ ಮಗಾ ಇರಲಿ, ಓಣಿ ಹಿರೇರು ಇರಲಿ. ಎಲ್ಲಾರ ಮುಂದ ಉಡಿ ತುಂಬಿಸಿಕೊಂಡ ಒಯ್ತೇನಿ."

"ಹೊರಗ ಗಾಡಿ ನಿಂತೈತಂತಲಾ."

"ಅದು ಅಂಗಡಿಯವರದು. ಮತ್ತ ಮಂದಿ ಗಾಡ್ಯಾಗ ಕಳಸ್ತೀಯೇನ?"

ಅಷ್ಟರಲ್ಲಿ ಸತ್ತೆಪ್ಪ ಓಣಿಯಿಂದ ಬಂದ. ತಂಗಿಯ ಸೊಂಟದ ಮೇಲಿನ ಮಗುವನ್ನು ನೋಡಿ ಗಲ್ಲ ತಟ್ಟಿದ. ವಿಷಯ ಕೇಳಿ, "ಅಪ್ಪ ಅನ್ನೂದು ಖರೆ ಐತಿ ರಾಯಿ," ಎಂದ. "ಶಿದ್ರಾಮ ಇಲ್ಲದಾಗ ಒಯ್ದರ ನಾಳೆ ಪೊಲೀಸ ಫೌಜದಾರ ಮನಿಗೆ ಬರತಾನು. ಮ್ಯಾಲ, ಹೋಗೂ ಮುಂದ ಎಷ್ಟ ಭಾರಿತ್ತೊ ಬರೂ ಮುಂದೂ ಅಷ್ಟ ಇರಬೇಕು, ಇಲ್ಲಂದ್ರ ಲೆಕ್ಕಾನ ತಪ್ಪತೈತಿ." ಕೊನೆಯ ಮಾತನ್ನು ಅವನು ನಗುತ್ತ ಹೇಳಿದ. "ಇನ್ನೊಂದ ತಿಂಗಳದಾಗ ನಮ್ಮ ಗಾಡಿನ ಬರತೈತಿ. ಆಗ ಮುಂದಿನ ಸೀಟಿನ್ಯಾಗ ಕೂಡಸ್ತೇನಿ ಇಕಿನ್ನ."

ರಾಯವ್ವ ಬಗ್ಗಿ ಮಗುವನ್ನು ಇಳಿಸಿದಳು. ಚನ್ನಿ ಸೆರಗು ಬಿಡದಿದ್ದಾಗ ಹಣಮವ್ವ ಬಂದು ಬೆರಳು ಬಿಡಿಸಿದಳು. ಹುಡುಗಿ ಅಳಲಿಲ್ಲ. ಹೋಗಿ ಮತ್ತೆ ಹಗ್ಗ ಹಿಡಿದು ಕೂತಿತು.

ಬರುವಾಗ ಹಿಂದಿನ ಸೀಟಿನಲ್ಲಿ ರಾಯವ್ವ ನಡುವೆ, ಆ ಕಡೆ ತಂದೆ, ಈ ಕಡೆ ಜೋಳದ ಚೀಲ. ತಿರುವು ಬಂದಾಗಲೆಲ್ಲ ಚೀಲ ಅವಳ ಮೈಮೇಲೆ ವಾಲುತ್ತಿತ್ತು. ಅವಳು ಅದನ್ನು ತೋಳಿನಿಂದ ಆನಿಸಿ ಹಿಡಿದುಕೊಂಡಳು. ಗೋಕಾಕದ ಪಂಪಿನಲ್ಲಿ ಎಣ್ಣೆ ಅಳೆದಾಗ ಗ್ಯಾಲನ್ನಿಗೆ ಮೂವತ್ತೆರಡು ಮೈಲು ಬಂತು. ಸತ್ತೆಪ್ಪ ಅಲ್ಲಪ್ಪನ ಕೈ ಕುಲುಕಿದ. ಕರೆಪ್ಪ ಎತ್ತಿನ ಬೆನ್ನು ತಟ್ಟಿದಂತೆ ಗಾಡಿಯ ಮೂತಿ ತಟ್ಟಿದ.

*

ಮರುದಿನ ಬೆಳಿಗ್ಗೆ ತಾಯಿ ಮಗಳು ಬೀಸುಕಲ್ಲಿನ ಎದುರುಬದುರು ಕೂತಿದ್ದರು.

"ಆ ಚೀಲಾ ಹಣಮವ್ವನ ಮನ್ಯಾಗ ಇಳಿಸಿ ಬರಬಹುದಿತ್ತು," ಎಂದಳು ರಾಯವ್ವ. "ಅದರ ಜಾಗಾದಾಗ ಚನ್ನಿ ಕುಂಡ್ರತಿದ್ದಳು."

ಕಾಡವ್ವನ ಕೈ ನಿಂತಿತು. "ಅಲ್ಲೇ ಹೇಳಬೇಕಿತ್ತು."

"ಹೇಳಿದ್ದರ ಕೇಳತಿದ್ರೇನ?"

"ಕೇಳತಿದ್ದಿಲ್ಲ. ಹೇಳಬೇಕಿತ್ತು."

ಅಂದು ಮಧ್ಯಾಹ್ನ ಕಾಡವ್ವ ಗಂಡನ ತಾಟಿಗೆ ನುಚ್ಚು ಹಾಕಿ ಎದುರಿಗೆ ಕೂತಳು. "ನಾನೂ ರಾಯಿನೂ ಬಸ್ಸಿಗೆ ಹೋಗಿ ಕರಕೊಂಡ ಬರತೇವಿ. ಮುದುಕಿ ಮನಸ ಬದಲಾಗೂದರಾಗ."

"ಕಂಬಳಿ ಮುಟ್ಟಿ ಆಡಿದ ಮಾತು ಅದು."

"ಕಂಬಳಿ ಹೊದಿಯಾಕ ಇರೂದು. ಕೂಸಿನ ಮೈಮ್ಯಾಲ ಅಂಗಿ ಇಲ್ಲಂತ."

"ಗಾಡಿ ಬರತೈತಿ, ಬಾಯಿ ಮುಚ್ಚ."

"ಗಾಡಿ ನಿನ್ನ ಮರ್ಯಾದಿಗೆ ಬರತೈತಿ. ಹುಡುಗಿ ಸಂಬಂಧ ಅಲ್ಲ."

ಕರೆಪ್ಪ ತಾಟಿನಲ್ಲೇ ಕೈ ತೊಳೆದುಕೊಂಡು ಎದ್ದುಹೋದ. ನುಚ್ಚು ಹಾಗೇ ಉಳಿಯಿತು.

ಅಂಗಡಿಯಲ್ಲಿ ಒಂದು ಹೊಸ ಗಾಡಿ ತಯಾರಿದೆ, ಆ ವಾರವೇ ಒಯ್ಯಬಹುದು ಎಂದು ಅಲ್ಲಪ್ಪ ಬಂದು ಹೇಳಿದ. ರಾಯವ್ವ ಒಳಗೆ ಚಹಾ ಸೋಸುತ್ತಿದ್ದಳು. ಚಹಾ ಕಪ್ಪು ತುಂಬಿ ಬಸಿಗೆ ಚೆಲ್ಲಿತು.

"ಬಣ್ಣಾ ಯಾವುದು?" ಕರೆಪ್ಪನ ದನಿ ಕೇಳಿಸಿತು.

"ಬೂದಿ ಬಣ್ಣರಿ. ಧೂಳಾ ಕಾಣಾಂಗಿಲ್ಲ."

"ಬೂದಿ? ಶುಭಕಾರ್ಯಕ್ಕ ಬೂದಿ ಬಣ್ಣದ ಗಾಡ್ಯಾಗ ಹೋಗಲೇನ? ನಮಗ ಕರೀದ ಬೇಕು. ಕಂಬಳಿ ಕರಿ, ದೇವರ ಟಗರ ಕರಿ."

"ಕರೀದಂದ್ರ ಮುಂಬಯಿಂದ ಬರಬೇಕ್ರಿ. ತಡಾ ಆಗತೈತಿ."

"ಅಪ್ಪಾ, ಬಣ್ಣಾ ಎಣ್ಣಿ ಕುಡೀತೈತೇನ? ಇದ್ದದ್ದ ತರೂನು," ಎಂದ ಸತ್ತೆಪ್ಪ.

"ಗಾಡಿ ಯಾವುದಂತ ನೀ ಆರಿಸಿದಿ. ನಾ ಸುಮ್ಮನಾದೆ. ಬಣ್ಣಾ ನಾ ಆರಸ್ತೇನಿ."

ಟಗರು ಮಾರಿದ ಹಣ ಕರೆಪ್ಪನ ಪೆಟ್ಟಿಗೆಯಲ್ಲಿತ್ತು. ರಾಯವ್ವ ಬಸಿಯಲ್ಲಿ ಚೆಲ್ಲಿದ್ದನ್ನು ಮತ್ತೆ ಕಪ್ಪಿಗೆ ಸುರಿದು ಹೊರಗೆ ಕಳಿಸಿದಳು.

ಶಿವರಾತ್ರಿ ಕಳೆಯಿತು. ಕಬ್ಬಿನ ಗಾಣ ನಿಂತಿತು. ಮಕ್ಕಳಿಲ್ಲದ ಯಲ್ಲಕ್ಕ ತನ್ನ ಇಳಕಲ್ ಸೀರೆಯ ತುಂಡಿನಿಂದ ಚನ್ನಿಗೊಂದು ಪರಕಾರದ ಲಂಗ ಹೊಲಿದಳು. "ಅಳತಿ ಹೆಂಗ ಗೊತ್ತಾತು ವೈನಿ?" ಎಂದು ರಾಯವ್ವ ಕೇಳಿದರೆ, "ನೀ ಸೊಂಟದ ಮ್ಯಾಲ ಕೈ ಇಟ್ಟ ತೋರಿಸಿದ್ದಿಲ್ಲೇನ, ಇಷ್ಟ ಎತ್ತರ ಅಂತ? ಅದಕ್ಕ ಎರಡು ಬೆರಳ ಸೇರಿಸಿದೆ. ತಡಾ ಆಗಾಕತ್ತೈತಲಾ, ಬೆಳದಿರತಾಳು," ಎಂದಳು.

*

ಹೋಳಿಯ ಮುಂದೆ ಕರಿಯ ಗಾಡಿ ಬಂತು. ಅದರ ಮೂತಿಗೆ ಅರಿಶಿನದ ಭಂಡಾರ ಹಚ್ಚಿದರು, ತಲೆಯ ಮೇಲೆ ಹೊಸ ಕಂಬಳಿ ಹಾಸಿದರು. ಮೊದಲ ಸವಾರಿ ಬೀರಪ್ಪನ ಗುಡಿಗೆ. ಆಮೇಲೆ ನಾಗನೂರಿನ ಬೀಗರು, ತುಕ್ಕಾನಟ್ಟಿಯ ನೆಂಟರು ತಮ್ಮ ಮನೆಗೂ ಗಾಡಿ ಬರಲೇಬೇಕೆಂದರು. ದವಾಖಾನೆಗೆ ಸತ್ತೆಪ್ಪನಿಗೆ ಬೇಕಿತ್ತು. ರಾಯವ್ವ ದಿನಾ ಬೆಳಿಗ್ಗೆ ಒದ್ದೆ ಅರಿವೆಯಿಂದ ಗಾಡಿಯ ಧೂಳು ಒರೆಸುತ್ತಿದ್ದಳು. ಹಿಂದಿನ ಸೀಟನ್ನು ಹೆಚ್ಚು ಹೊತ್ತು ಒರೆಸುತ್ತಿದ್ದಳು.

ಕಡೆಗೆ ಒಂದು ಸೋಮವಾರ ಗೊತ್ತಾಯಿತು. ಮುಂದೆ ಸತ್ತೆಪ್ಪ, ರೇಶಿಮೆ ರುಮಾಲು ಸುತ್ತಿದ ಕರೆಪ್ಪ. ಹಿಂದೆ ಕಾಡವ್ವ, ರಾಯವ್ವ. ಉಡಿ ತುಂಬಲು ಕುಬಸದ ಕಣ, ತೆಂಗಿನಕಾಯಿ. ಬರಿಗೈಲಿ ಹೋಗಬಾರದೆಂದು ಕರೆಪ್ಪ ಬೀಗತಿಗೆ ಅರ್ಧ ಚೀಲ ಜೋಳ ಏರಿಸಿದ್ದ. ಪರೀಕ್ಷೆಗೆ ಹೊಲಿದಿದ್ದ ಅದೇ ಚೀಲ, ಬಾಯಿ ಬಿಚ್ಚಿರಲಿಲ್ಲ.

"ನೀನೂ ಬಾರವ್ವಾ," ಎಂದು ಕಾಡವ್ವ ಸೊಸೆಯನ್ನು ಕರೆದಳು.

"ಒಲ್ಲೆರಿ ಅತ್ತಿ. ಬರೂ ಮುಂದ ಅಕಿಗೆ ಕಾಲ ಚಾಚಾಕ ಜಾಗಾ ಬೇಕು. ನಾ ಹುಗ್ಗಿ ಮಾಡಿ ಇಡತೇನಿ," ಎಂದಳು ಯಲ್ಲಕ್ಕ. ಪರಕಾರವನ್ನು ಮಡಿಸಿ ರಾಯವ್ವನ ತೊಡೆಯ ಮೇಲಿಟ್ಟಳು.

ಹುಕ್ಕೇರಿಯ ಓಣಿಯೊಳಗೆ ಗಾಡಿ ನೇರ ಹೊಕ್ಕಿತು. ಮಂದಿ ಬಾಗಿಲಿಗೆ ಬಂದು ನಿಂತರು. ಕರೆಪ್ಪ ಬಯಸಿದಂತೆಯೇ ಎಲ್ಲರೂ ನೋಡಿದರು. ಹಣಮವ್ವ ಕಟ್ಟೆಯ ಮೇಲೆ ಒಬ್ಬಳೇ ಕೂತಿದ್ದಳು. ಒಳಗೆ ತೊಲೆಯಲ್ಲಿ ತೊಟ್ಟಿಲ ಕೊಂಡಿ ಇತ್ತು, ತೊಟ್ಟಿಲು ಇರಲಿಲ್ಲ.

"ಚನ್ನಿ ಎಲ್ಲಿ ಅತ್ತಿ?" ರಾಯವ್ವ ಕೇಳಿದಳು.

"ಹೋದರವ್ವಾ. ಮುಂಬಯಿಗೆ, ಗಿರಣಿ ಕೆಲಸಕ್ಕ. ನೀವು ಬಂದಿದ್ದು, ಮೋಟಾರ ತಗೊಂಡ ಬಂದ ಎಲ್ಲಾರ ಮುಂದ ಒಯ್ತೇನಿ ಅಂದಿದ್ದು ಓಣ್ಯಾಗೆಲ್ಲ ಸುದ್ದಿ ಆತು. ಶಿದ್ರಾಮಗ ಸಿಟ್ಟ ಬಂತು. ಹೆಂಗ ಒಯ್ತಾರ ನೋಡತೇನಿ ಅಂದ."

"ಮುಂಬಯ್ಯಾಗ ಎಲ್ಲಿ?" ಸತ್ತೆಪ್ಪ ಕೇಳಿದ.

"ನನಗ ಹೇಳತಾನೇನಪಾ? ಹುಡುಗಿನ್ನಾದರೂ ಬಿಟ್ಟ ಹೋಗ ಅಂದೆ. ಕೂಸಿನ ತೊಟ್ಟಿಲ ತೂಗಾಕ ಬೇಕು ಅಂದಳು ಅಕಿ." ಹಣಮವ್ವ ಕರೆಪ್ಪನ ಕಡೆ ತಿರುಗಿದಳು. "ಅವತ್ತ ಕೊಟ್ಟಿದ್ದೆ ಬೀಗರ. ಕೈಯಾಗ ಕೊಟ್ಟಿದ್ದೆ."

ಕರೆಪ್ಪ ರುಮಾಲು ತೆಗೆದು ಮೊಣಕಾಲ ಮೇಲಿಟ್ಟುಕೊಂಡು ಕಟ್ಟೆಯ ತುದಿಗೆ ಕೂತ. ಕಾಡವ್ವ ಮಗನನ್ನು ಕೇಳಿದಳು. "ಅಷ್ಟ ದೂರ ಈ ಗಾಡಿ ಹೋಗತೈತೇನ ಸತ್ಯಾ?"

"ಹೋಗತೈತಿ ಅವ್ವಾ. ಆದರ ಅಷ್ಟ ದೊಡ್ಡ ಊರಾಗ ಯಾವ ಗಿರಣಿ ಅಂತ ಹುಡುಕೂದು?"

ಜೋಳದ ಚೀಲವನ್ನು ಮರಳಿ ಒಯ್ಯುವುದು ಮರ್ಯಾದೆಯಲ್ಲ. ಸತ್ತೆಪ್ಪ ಅದನ್ನು ಹೊತ್ತು ಒಳಗಿಟ್ಟ. ತೊಟ್ಟಿಲ ಕೊಂಡಿಯ ಕೆಳಗೇ ಜಾಗ ಇತ್ತು, ಅಲ್ಲಿಟ್ಟ.

ಬರುವಾಗ ಹಿಂದಿನ ಸೀಟು ವಿಶಾಲವಾಗಿತ್ತು. ಒಂದು ಬಾಗಿಲಿಗೆ ಕಾಡವ್ವ, ಇನ್ನೊಂದಕ್ಕೆ ರಾಯವ್ವ, ನಡುವೆ ಪರಕಾರ. ಗೋಕಾಕದ ಪಂಪಿನಲ್ಲಿ ಸತ್ತೆಪ್ಪ ಇಳಿದು ತುಂಬಿಸಿದ. ಅವನಿಗೆ ರೂಢಿಯಾಗಿತ್ತು, ಮೀಟರು ನೋಡಿ ಬಾಯಲ್ಲೇ ಲೆಕ್ಕ ಹಾಕಿದ. ಒಳಗೆ ಬಂದು ಕೂತು, ಏನಾದರೂ ಆಡಬೇಕೆಂದು ಆಡಿದನೋ ಏನೋ, "ಅವತ್ತಿನಕಿಂತ ಗ್ಯಾಲನ್ನಿಗೆ ಎರಡು ಮೈಲು ಹೆಚ್ಚ ಕೊಟ್ಟೈತಿ," ಎಂದ.

"ಭಾರಾ ಕಡಿಮಿ ಇತ್ತಲಾ ಅಣ್ಣಾ," ಎಂದಳು ರಾಯವ್ವ.

ಸತ್ತೆಪ್ಪನಿಗೆ ಗಾಡಿ ಚಾಲೂ ಮಾಡಲು ಬಹಳ ಹೊತ್ತು ಹಿಡಿಯಿತು.

ಮನೆಯ ಮುಂದೆ ಯಲ್ಲಕ್ಕ ದೃಷ್ಟಿ ತೆಗೆಯಲು ರೊಟ್ಟಿಯ ಚೂರು, ನೀರು ಹಿಡಿದು ನಿಂತಿದ್ದಳು. ಹಿಂದಿನ ಬಾಗಿಲು ತೆರೆದು ರಾಯವ್ವ ಇಳಿದಳು. ಯಲ್ಲಕ್ಕ ಅವಳ ಬೆನ್ನ ಹಿಂದೆ ಬಗ್ಗಿ ಗಾಡಿಯೊಳಗೆ ನೋಡಿದಳು. ಸೀಟಿನ ಮೇಲಿದ್ದ ಪರಕಾರವನ್ನು ಎತ್ತಿಕೊಂಡು ಏನೂ ಕೇಳದೆ ಒಳಗೆ ಹೋದಳು.

ಉದ್ದಪ್ಪ ಹಟ್ಟಿಯಿಂದ ಬಂದು ಎಲ್ಲರ ಮುಖ ನೋಡಿದ. ಡಾಜ್ ಎಂಬ ಮಾತು ಅವನ ಬಾಯಿಯವರೆಗೆ ಬಂದದ್ದು ರಾಯವ್ವನಿಗೆ ಕಾಣಿಸಿತು. ಅವನು ಆಡಲಿಲ್ಲ.

ರಾಯವ್ವ ಕೈಕಾಲು ತೊಳೆದು ಒಲೆಯ ಮುಂದೆ ಕೂತಳು. ಹುಗ್ಗಿಯ ಪಾತೇಲಿಯನ್ನು ಬದಿಗೆ ಸರಿಸಿ, ಹಂಚು ಇಟ್ಟು ಹಿಟ್ಟು ನಾದಿದಳು. ಅಂದು ಊಟಕ್ಕೆ ಕೂತವರು ಯಾರೂ ಮೋಟಾರಿನ ಮಾತು ತೆಗೆಯಲಿಲ್ಲ. ಅವಳು ಬೆನ್ನು ತಿರುಗಿಸಿಕೊಂಡೇ ಒಂದೊಂದಾಗಿ ಬಡಿದು ಕೊಟ್ಟಳು. ರೊಟ್ಟಿ ಆರುವ ಮೊದಲೇ ಎಲ್ಲರ ಊಟ ಮುಗಿಯಿತು.